ಬುಧವಾರದ ಸರದಿ

ನೋರೀನ್ ಅಕ್ರಾಯ್ಡ್‌ಗೆ ಸಿಟ್ಟು ನೆತ್ತಿಗೇರಿತ್ತು. ಏರದೆ ಇನ್ನೇನು? ಇಂಗ್ಲೆಂಡಿನ ಯಾರ್ಕ್‌ಶರ್‌ನ ಒಂದು ಊರಿನಲ್ಲಿ ಸಂಸದ ಡೊಮಿನಿಕ್ ಫೇರ್‌ಕ್ಲೋನ ಕಚೇರಿಯನ್ನು ವರ್ಷಗಟ್ಟಲೆ ಹೆಗಲ ಮೇಲೆ ಹೊತ್ತವಳು ಅವಳು. ಅವನು ಸ್ಥಾನ ಬಿಟ್ಟು ದೊಡ್ಡ ತಂತ್ರಜ್ಞಾನ ಕಂಪನಿ ಸೇರುವ ಸುದ್ದಿಯನ್ನು ಅವಳೂ ಊರಿನವರ ಹಾಗೇ ಬೆಳಗಿನ ರೇಡಿಯೊದಲ್ಲಿ ಕೇಳಬೇಕಾಯಿತು.

ಅಂದು ಶನಿವಾರ, ಚರ್ಚಿನ ಹಾಲ್‌ನಲ್ಲಿ ಸಂಸದ ಜನರ ಅಹವಾಲು ಕೇಳುವ ದಿನ. ಹೊರಗಿನ ಬೆಂಚಿನಲ್ಲಿ ಮುದುಕ ವಿಲ್ಫ್ರೆಡ್ ಸಟ್‌ಕ್ಲಿಫ್ ಮೊದಲಿಗನಾಗಿ ಬಂದು ಕೂತಿದ್ದ. ಹಾಸಿಗೆ ಹಿಡಿದಿದ್ದ ಅವನ ಹೆಂಡತಿ ಎಡ್ನಾಳ ಆರೈಕೆಗೆ ನಗರಸಭೆಯಿಂದ ಒಬ್ಬಾಕೆ ಬರುತ್ತಿದ್ದಳು. ಈ ತಿಂಗಳಾದ ಮೇಲೆ ಆಕೆ ಬೇಕಿಲ್ಲವೆಂದು ಅಲ್ಲಿನ ಕಂಪ್ಯೂಟರು ತೀರ್ಮಾನಿಸಿಬಿಟ್ಟಿತ್ತು. ಆ ಕಂಪ್ಯೂಟರಿಗೆ ಬುದ್ಧಿ ಹೇಳಿಕೊಟ್ಟ ಕಂಪನಿಗೇ ಈ ಮಹಾಶಯ ಹೊರಟಿದ್ದು!

"ಬುಧವಾರ ನಿನ್ನ ಸರದಿ ಕಣೋ," ಎಂದಳು ನೋರೀನ್ ಒಳಗೆ ಕೂತಿದ್ದ ಡೊಮಿನಿಕ್‌ಗೆ, ಬಾಗಿಲು ಹಾಕಿ. ಪಾರ್ಲಿಮೆಂಟಿನಲ್ಲಿ ಬುಧವಾರಗಳಂದು ಪ್ರಧಾನಿಯನ್ನು ಪ್ರಶ್ನಿಸುವವರನ್ನು ಚೀಟಿ ಎತ್ತಿ ಆರಿಸುತ್ತಾರೆ. ಕಾದು ಕಾದು ಸಾಕಾದ ಮೇಲೆ ಡೊಮಿನಿಕ್‌ನ ಹೆಸರು ಬಂದಿತ್ತು. ಎಡ್ನಾಳ ವಿಷಯ ಎತ್ತುತ್ತೇನೆಂದು ಅವನೇ ವಿಲ್ಫ್ರೆಡ್‌ಗೆ ಮಾತು ಕೊಟ್ಟಿದ್ದ.

"ಮಂಗಳವಾರವೇ ಸ್ಥಾನ ಬಿಡ್ಬೇಕು ನೋರೀನ್. ಕಂಪನಿಯವರು ಆಗಲೇ ದಿನ ಗೊತ್ತು ಮಾಡಿದಾರೆ."

"ಒಂದೇ ಒಂದು ದಿನ ತಡೀಬಾರದಾ? ನೀನು ಬಿಟ್ಟರೆ ಆ ಪ್ರಶ್ನೆಯೂ ಹೋಯ್ತು. ಇನ್ನೊಬ್ಬರು ಕೇಳೋ ಹಾಗಿಲ್ಲ."

"ಸೇರೋ ವಾರದಲ್ಲೇ ಅವರ ಮೇಲೆ ಪ್ರಶ್ನೆ ಕೇಳಿದ್ರೆ ಚೆನ್ನಾಗಿರುತ್ತಾ, ಹೇಳು? ಒಳಗಿದ್ರೆ ಇನ್ನೂ ಹೆಚ್ಚು ಮಾಡಬಹುದು."

"ಮಂತ್ರಿಯಾಗಿದ್ದಾಗಲೂ ಒಳಗೇ ಇದ್ದೆಯಲ್ಲ. ಏನು ಕಡಿದು ಗುಡ್ಡೆ ಹಾಕಿದೆ?"

ಡೊಮಿನಿಕ್ ಬಿಸ್ಕತ್ತು ಚಹಾದಲ್ಲಿ ಅದ್ದಿದ. ಅವನಿಗೆ ನಾಚಿಕೆಯಾಗಿರಲಿಲ್ಲ, ಬೇಜಾರಾಗಿತ್ತು ಅಷ್ಟೆ. ಇಂಥವನಿಗಾಗಿ ಮಳೆಯಲ್ಲಿ ಮನೆಮನೆ ಅಲೆದು ಮತ ಕೇಳಿದೆನಲ್ಲ ಎಂದು ನೋರೀನ್‌ಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಇದನ್ನ ನೀನೇ ವಿಲ್ಫ್ರೆಡ್‌ಗೆ ಹೇಳು," ಎಂದು ಬಾಗಿಲು ತೆರೆದಳು.

ವಿಲ್ಫ್ರೆಡ್ ಟೋಪಿ ತೆಗೆದು ಒಳಗೆ ಬಂದ. ಮುಖ ಅರಳಿತ್ತು. ಡೊಮಿನಿಕ್‌ನ ಕೈ ಹಿಡಿದು ಕುಲುಕಿಯೇ ಕುಲುಕಿದ.

"ರೇಡಿಯೊದಲ್ಲಿ ಕೇಳಿದೆ ಕಣಪ್ಪ. ಎಡ್ನಾನೂ ಕೇಳಿದ್ಲು. ನಮ್ಮ ಹುಡುಗ ಅಲ್ಲಿಗೇ ಹೋಗ್ತಿದಾನೆ, ಇನ್ನು ನಮ್ಮ ಕೆಲಸ ಆದಂಗೇ ಅಂದ್ಲು."

"ನೋಡೋಣ, ಖಂಡಿತ ನೋಡೋಣ," ಎಂದ ಡೊಮಿನಿಕ್, ನಗುತ್ತ.

ನೋರೀನ್‌ಗೆ ತಡೆಯಲಾಗಲಿಲ್ಲ. "ಇಲ್ಲ ವಿಲ್ಫ್ರೆಡ್. ಆಗಲ್ಲ. ಬುಧವಾರ ಇವನು ಕೇಳಲ್ಲ, ಆಮೇಲೂ ಕೇಳಲ್ಲ. ಇನ್ನು ಇವನಿಗೆ ಸಂಬಳ ಕೊಡೋರು ಅವರೇ."

ಮುದುಕ ಕೈ ಬಿಟ್ಟ. ಡೊಮಿನಿಕ್ ಇಲ್ಲವೆನ್ನಬಹುದೆಂದು ಅವನ ಮುಖವನ್ನೇ ನೋಡುತ್ತ ನಿಂತ. ಡೊಮಿನಿಕ್ ಗಡಿಯಾರ ನೋಡಿಕೊಂಡ.

"ಅವಳನ್ನ ಎತ್ತೋಕೆ ನನ್ನ ಕೈಲಿ ಆಗಲ್ಲಪ್ಪ," ಎಂದ ವಿಲ್ಫ್ರೆಡ್ ಮೆಲ್ಲಗೆ. "ಹೋದ ಭಾನುವಾರ ಆ ಹೆಂಗಸು ಬಂದಿರಲಿಲ್ಲ, ಬೀಳಿಸಿಬಿಟ್ಟೆ. ಯಾರಿಗೂ ಹೇಳ್ಬೇಡಿ ಅಂತ ಎಡ್ನಾ ಅಂದಿದಾಳೆ."