ಭಾನುವಾರದ ಮನೆಗಳು

ನಮ್ಮ ಅಡುಗೆಮನೆಯ ಕಿಟಕಿಯಿಂದ ಕೆರೆ ಒಂದು ಗೇಣಿನಷ್ಟು ಕಾಣುತ್ತಿತ್ತು. ಎದುರಿನ ಎರಡು ಮಹಡಿಮನೆಗಳ ನಡುವಿನ ಸಂದಿಯಲ್ಲಿ ನೀರಿನ ಒಂದು ತುಂಡು, ಅಷ್ಟೆ. ನನ್ನ ಹೆಂಡತಿ ವಾರಿಜಳಿಗೆ ಅದು ಧಾರಾಳವಾಗಿ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ನನಗೆ ಯಾವ ಮನೆಯೂ ಸಾಕಾದದ್ದಿಲ್ಲ. ಮದುವೆಯಾದ ಆರು ವರ್ಷಗಳಲ್ಲಿ ಅದು ನಮ್ಮ ಐದನೆಯ ಬಾಡಿಗೆ ಮನೆ.

ಅಲ್ಲಿಗೆ ಬಂದ ದಿನ, ಹಾಲು ಉಕ್ಕಿಸಿದ ಒಲೆಯ ಮುಂದೆ ನಿಂತೇ ವಾರಿಜ ಹೇಳಿದ್ದಳು: "ಇಲ್ಲಿಂದ ನನ್ನನ್ನ ಎಬ್ಬಿಸಬೇಡಿ. ತರಕಾರಿಯವಳು ನನ್ನ ಹೆಸರು ಕಲಿಯೋ ಹೊತ್ತಿಗೆ ಗಂಟುಮೂಟೆ ಕಟ್ಟಿಸ್ತೀರಿ. ಇನ್ನು ನನ್ನ ಕೈಲಾಗಲ್ಲ."

ಆಗಲಿ ಎಂದು ಮಾತು ಕೊಟ್ಟೆ. ಮನಸಾರೆ ಕೊಟ್ಟೆ.

ಆದರೆ ಭಾನುವಾರ ಬೆಳಗಾಯಿತೆಂದರೆ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಕೆರೆಯ ಸುತ್ತಿನ ಬೀದಿಗಳಲ್ಲಿ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಎಲ್ಲಿ ಕಂಡರೂ ಒಳಹೊಕ್ಕು ನೋಡಿ ಬರುವುದು ಚಟವಾಗಿತ್ತು. ಮನೆ ಬದಲಿಸುವ ಉದ್ದೇಶವಿರಲಿಲ್ಲ, ದೇವರಾಣೆಗೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ನಿಂತು, ಮಂಚ ಇಲ್ಲಿ, ಕುರ್ಚಿ ಅಲ್ಲಿ ಎಂದುಕೊಳ್ಳುವಾಗ ಎದೆಯೊಳಗಿನ ಚಡಪಡಿಕೆ ಒಂದು ಗಳಿಗೆ ತಣ್ಣಗಾಗುತ್ತಿತ್ತು. ಈ ಕಿಟಕಿಯಲ್ಲಿ ಕೆರೆ ಪೂರ್ತಿ ಕಾಣುತ್ತದೆ, ಇಲ್ಲಿದ್ದಿದ್ದರೆ ನಾನು ಬೇರೆಯೇ ಮನುಷ್ಯನಾಗಿರುತ್ತಿದ್ದೆ ಎನಿಸುತ್ತಿತ್ತು. ಆದರೆ ಸುಮ್ಮನೆ ನೋಡಬಂದವನಿಗೆ ಯಾರು ಬೀಗ ತೆಗೆಯುತ್ತಾರೆ? "ಈಗಿರೋ ಮನೆ ಬಿಡ್ತಾ ಇದೀವಿ" ಎನ್ನುತ್ತಿದ್ದೆ. ಯಾರ ಮನೆ ಎಂದು ಕೇಳಿದರೆ "ನಂಜರಾಜಯ್ಯನವರದು" ಎಂದು ನಿಜವನ್ನೇ ಹೇಳುತ್ತಿದ್ದೆ. ಸುಳ್ಳಿನ ಜೊತೆಗೆ ವಿಳಾಸವನ್ನೂ ಕೊಟ್ಟ ಪೆದ್ದ ನಾನೊಬ್ಬನೇ ಇರಬೇಕು.

ಆ ಬಡಾವಣೆಯ ಮನೆ ಮಾಲೀಕರೆಲ್ಲ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಎರಡು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ಕೂತು ಬಾಡಿಗೆದಾರರ ಪುರಾಣ ಬಿಚ್ಚುತ್ತಾರೆ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೀಗೇ ಯಾವುದೋ ಮನೆ ನೋಡಿಕೊಂಡು ವಾಪಸಾದಾಗ ನಮ್ಮ ಹಜಾರದಲ್ಲಿ ನಂಜರಾಜಯ್ಯನವರು ನಿಂತಿದ್ದರು. ಪಕ್ಕದಲ್ಲಿ ಅಪರಿಚಿತ ಹೆಂಗಸೊಬ್ಬಳು ಗೋಡೆಯ ಮೊಳೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ನೀವೇ ಹೇಳ್ತೀರಿ ಅಂತ ಎರಡು ತಿಂಗಳು ಕಾದೆ," ಎಂದರು ನಂಜರಾಜಯ್ಯ, ಮೆತ್ತಗೆ. "ಏರಿ ಮೇಲೆ ನಾಲ್ಕು ಜನ ಹೇಳಿದ್ರು, ನಿಮ್ಮ ಬಾಡಿಗೆಯವರು ಮನೆ ಹುಡುಕ್ತಾ ಇದಾರೆ ಅಂತ. ನಿಮಗೆ ಸಂಕೋಚ ಇರಬೇಕು ಅಂದ್ಕೊಂಡು ನಾನೇ ಇವರಿಗೆ ಎಲೆ ಅಡಿಕೆ ಕೊಟ್ಟು ಮಾತು ಕೊಟ್ಬಿಟ್ಟೆ. ಬರೋ ತಿಂಗಳು ಬರ್ತಾರೆ. ನಿಮಗೂ ಅನುಕೂಲ ಆಯ್ತಲ್ಲ?"

"ಇಲ್ಲ ಸರ್, ನಾವು ಬಿಡಲ್ಲ. ನಾನು ಸುಮ್ಮನೆ ನೋಡ್ತಿದ್ದೆ."

"ಸುಮ್ಮನೆ ಯಾರಾದ್ರೂ ಮನೆ ನೋಡ್ತಾರಾ?" ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು. "ಇವರೂ ಅಲ್ಲಿ ಖಾಲಿ ಮಾಡ್ತೀವಿ ಅಂತ ಹೇಳಿ ಆಗಿದೆ. ಈಗ ನಾನು ಮಾತು ತಪ್ಪೋ ಹಾಗಿಲ್ಲ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ವಾರಿಜಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಡಲಿಲ್ಲ. ಬಂದವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಒಳಗಿನ ಮಾತು ಹಜಾರಕ್ಕೆ ಕೇಳುತ್ತಿತ್ತು.

"ಈ ನಲ್ಲೀನ ಸ್ವಲ್ಪ ಎತ್ತಿ ತಿರುಗಿಸ್ಬೇಕು. ಇಲ್ಲಾಂದ್ರೆ ತೊಟ್ಟಿಕ್ತಾನೇ ಇರತ್ತೆ. ಇಲ್ಲಿ ನಿಂತ್ಕೊಳ್ಳಿ. ಸ್ವಲ್ಪ ಈ ಕಡೆ. ಈಗ ಕೆರೆ ಕಾಣತ್ತಾ?"

"ಹೂಂ, ಕಾಣತ್ತೆ. ನೀವೆಲ್ಲಿಗೆ ಹೋಗ್ತಾ ಇದೀರಿ?"

"ಇವರು ನೋಡಿದಾರೆ," ಎಂದಳು ವಾರಿಜ.

ಆವತ್ತಿನವರೆಗೆ ನಾನು ಹತ್ತೊಂಬತ್ತು ಮನೆ ನೋಡಿದ್ದೆ. ಅದರಲ್ಲಿ ಒಂದನ್ನಾದರೂ ನಮ್ಮದೆಂದು ಹೇಳಲು ಬಾಯಿ ಬರಲಿಲ್ಲ.

ಅವರು ಹೊರಟಾಗ ವಾರಿಜ ರೂಢಿಯಂತೆ ಕುಂಕುಮದ ಬಟ್ಟಲು ತಂದು ಆ ಹೆಂಗಸಿನ ಮುಂದೆ ಹಿಡಿದಳು. ಅವಳು ಹಣೆಗಿಟ್ಟುಕೊಂಡು, ಬಟ್ಟಲನ್ನು ತನ್ನ ಕೈಗೇ ತೆಗೆದುಕೊಂಡಳು. "ನೀವೂ ತಗೊಳ್ಳಿ," ಎಂದು ವಾರಿಜಳತ್ತ ಚಾಚಿದಳು, ಮನೆಯಾಕೆ ಬಂದವರಿಗೆ ಚಾಚುವ ಹಾಗೆ.

ವಾರಿಜ ಸೆರಗು ಸರಿಪಡಿಸಿಕೊಂಡು, ತಲೆ ಬಗ್ಗಿಸಿ, ಕುಂಕುಮ ಇಟ್ಟುಕೊಂಡಳು.