ಬೆರಳಳತೆಯ ಲಿವರ್

ಹೊಸ ಲಿವರ್‌ನ ಬಳೆಯೊಳಗೆ ಹನುಮಂತರಾಯಪ್ಪನವರ ಬೆರಳುಗಳು ಸಲೀಸಾಗಿ ಹೋದವು. ಖಾಲಿ ರೈಫಲ್ಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುದುಕರು ಲಿವರನ್ನು ಕೆಳಗೆ ತಳ್ಳಿದರು, ಮೇಲಕ್ಕೆಳೆದರು. ಕಟಕ್ ಎಂದು ಒಂದೇ ಸದ್ದು. ಅವರ ಮನೆಯ ಜಗಲಿಯ ಮೇಲೆ ಕೂತಿದ್ದ ದ್ಯಾಮಣ್ಣನಿಗೆ ಉಣ್ಣುವ ಮೊದಲೇ ಹೊಟ್ಟೆ ತುಂಬಿದ ಹಾಗಾಯಿತು.

"ಮೂರು ವರ್ಸ ಆಗಿತ್ತು ಕಣಪ್ಪ, ಇದು ನನ್ನ ಮಾತು ಕೇಳಿ," ಎಂದರು ಅವರು.

ದ್ಯಾಮಣ್ಣ ಪೀಣ್ಯದ ಶೆಡ್ಡೊಂದರಲ್ಲಿ ಫಿಟ್ಟರ್. ಇಪ್ಪತ್ತೆರಡು ವರ್ಷದ ಕೈಚಳಕವೆಲ್ಲ ಒಂದೇ ಅಳತೆಯ ಬುಷ್‌ಗಳನ್ನು ಸಾವಿರಗಟ್ಟಲೆ ಮಾಡುವುದರಲ್ಲಿ ತುಕ್ಕು ಹಿಡಿಯುತ್ತಿತ್ತು. ಎರಡು ತಿಂಗಳ ಹಿಂದೆ ಅವನ ಕೈಕೆಲಸದ ಸುದ್ದಿ ಕೇಳಿ ಹನುಮಂತರಾಯಪ್ಪ ವೈಟ್‌ಫೀಲ್ಡಿನ ಆಚೆಯಿಂದ ಕಾರು ಮಾಡಿಕೊಂಡು ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಲಿವರೊಂದನ್ನು ಅವನ ಮುಂದಿಟ್ಟಿದ್ದರು. ಅಪ್ಪನ ಕಾಲದ ವಿಲಾಯತಿ ರೈಫಲ್ಲಿನದು; ಕುದುರೆಯ ಕೆಳಗಿನ ಅದನ್ನು ತಳ್ಳಿ ಎಳೆದರೆ ಮಾತ್ರ ಗುಂಡು ನಳಿಗೆಗೆ ಏರುತ್ತಿತ್ತು. ವಾತದಿಂದ ಊದಿದ ಬೆರಳು ಬಳೆಯೊಳಗೆ ತೂರುತ್ತಿಲ್ಲ, ಆಯುಧಪೂಜೆಯ ಹೊತ್ತಿಗೆ ದೊಡ್ಡ ಬಳೆಯದೊಂದು ಮಾಡಿಕೊಡು ಎಂದಿದ್ದರು. ಲೈಸೆನ್ಸ್ ಇಲ್ಲದೆ ಬಂದೂಕಿನ ಕೆಲಸ ಮಾಡುವ ಹಾಗಿಲ್ಲ ಎಂಬುದು ದ್ಯಾಮಣ್ಣನಿಗೆ ಗೊತ್ತಿತ್ತು. ಕೆಲಸದ ಆಸೆ ಅವನ ಬಾಯಿ ಮುಚ್ಚಿಸಿತು. ಊತ ಹೆಚ್ಚಿರುವ ದಿನದ ಬೆರಳಿನ ಅಳತೆ ಬೇಕು ಎಂದು ಮಾತ್ರ ಕೇಳಿದ. ಮಾರನೆಯ ವಾರ ಕಾರಿನ ಡ್ರೈವರ್ ಬಾಳೆಲೆಯಲ್ಲಿ ಸುತ್ತಿದ ರಾಗಿ ಮುದ್ದೆಯೊಂದನ್ನು ತಂದುಕೊಟ್ಟ. ಒಣಗಿ ಬಿರುಕು ಬಿಟ್ಟಿದ್ದ ಆ ಮುದ್ದೆಯಲ್ಲಿ ಬೆರಳುಗಳ ಅಚ್ಚು ಗಂಟುಗಂಟಾಗಿ ಮೂಡಿತ್ತು. ಆರು ಭಾನುವಾರ ಅದನ್ನು ಮುಂದಿಟ್ಟುಕೊಂಡು ದ್ಯಾಮಣ್ಣ ಉಕ್ಕನ್ನು ಅರದಿಂದ ಉಜ್ಜಿದ್ದ. ತನ್ನ ಜೀವಮಾನದಲ್ಲಿ ಇಷ್ಟು ಚೆಂದದ ಕೆಲಸ ಮಾಡಿರಲಿಲ್ಲ.

ಊಟವಾದ ಮೇಲೆ ಹಿತ್ತಿಲಲ್ಲಿ ಕೈಗೆ ನೀರು ಹಾಕಲು ಹನುಮಂತರಾಯಪ್ಪನವರ ಹೆಂಡತಿ ಪಿಳ್ಳಮ್ಮ ಬಂದರು. ಜಗಲಿಯಿಂದ ಕಟಕ್, ಕಟಕ್ ಎಂದು ಕೇಳುತ್ತಲೇ ಇತ್ತು.

"ಯಾಕಪ್ಪ ಮಾಡ್ಕೊಟ್ಟೆ?" ಎಂದರು, ಚೊಂಬನ್ನು ಬಗ್ಗಿಸುತ್ತಲೇ.

ದ್ಯಾಮಣ್ಣನಿಗೆ ಅರ್ಥವಾಗಲಿಲ್ಲ.

"ಬರೀ ವಾತ ಅಲ್ಲ ಕಣಪ್ಪ, ಕ್ಯಾನ್ಸರ್ ಮೂಳೆಗೆ ಇಳಿದೈತೆ, ಇನ್ನು ಮನೇಲೇ ಇಟ್ಕೊಳ್ಳಿ ಅಂದವ್ರೆ ಡಾಕ್ಟ್ರು. ನೋವು ಬಂದಾಗೆಲ್ಲ ಬಂದೂಕಲ್ಲಿ ಮುಗಿಸ್ಕೊಂಬುಡ್ತೀನಿ ಅಂತಾರೆ. ಗುಂಡಿರೋ ಬೀರುವಿನ ಬೀಗದ ಕೈ ಅವರ ಉಡುದಾರದಲ್ಲೈತೆ. ಬೆರಳು ಓಗಾಕಿಲ್ವಲ್ಲ ಅನ್ನೋದೊಂದೇ ನಂಗಿದ್ದ ಧೈರ್ಯ." ಚೊಂಬಿನ ನೀರು ಮುಗಿದಿತ್ತು. "ಮುದ್ದೆ ನಾನೇ ಕಟ್ಕೊಟ್ಟೆ ಕಣಪ್ಪ. ಅಬ್ಬಕ್ಕೆ ಅಂದ್ರು. ನಾನೂ ನಂಬ್ದೆ."

ದ್ಯಾಮಣ್ಣನಿಗೆ ತನ್ನ ಕೈಗಳ ಮೇಲೇ ಅಸಹ್ಯವಾಯಿತು. ಕಣ್ಣೆದುರು ಸಾಯುತ್ತಿರುವ ಮನುಷ್ಯನಿದ್ದರೂ ಇವನು ನೋಡಿದ್ದು ಬೆರಳನ್ನು ಮಾತ್ರ. ಒದ್ದೆ ಕೈಯಲ್ಲೇ ಜಗಲಿಗೆ ಬಂದ.

"ಯಜಮಾನ್ರ, ಒಂದೀಟು ಕೆಲಸ ಉಳದೈತ್ರಿ. ಎಲ್ಲೋ ಉಜ್ಜಾಕತ್ತೈತಿ. ಬಿಚ್ಚಿಕೊಂಡು ಹೋಗ್ತೀನ್ರಿ."

"ಎಲ್ಲಿ? ತೋರ್ಸು."

ದ್ಯಾಮಣ್ಣ ರೈಫಲ್ ತೆಗೆದುಕೊಂಡು ಲಿವರನ್ನು ಆಡಿಸಿದ. ಎಲ್ಲೂ ಉಜ್ಜುತ್ತಿರಲಿಲ್ಲ. ಇನ್ನೊಬ್ಬರ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹಿಡಿಯುತ್ತಿದ್ದವನಿಗೆ ತನ್ನ ಕೆಲಸದಲ್ಲಿ ಒಂದು ತಪ್ಪೂ ಸಿಗಲಿಲ್ಲ.

"ಇಲ್ಲೇ ಎಲ್ಲೋ ಐತ್ರಿ," ಎಂದು ತೊದಲಿದ.

ಹನುಮಂತರಾಯಪ್ಪ ಒಳಬಾಗಿಲ ಕಡೆ ನೋಡಿದರು. "ಅವಳು ಬಾಯ್ಬುಟ್ಲಾ?"

ದ್ಯಾಮಣ್ಣ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

"ಮೂಳೆ ಒಳಗೆ ಕೆಂಡ ಆಕ್ದಂಗೆ ಆಯ್ತದೆ ಕಣಪ್ಪ. ನೀನು ಇದನ್ನ ತಗೊಂಡೋಯ್ತೀಯ. ಅದನ್ನ ಯಾರು ತಗೊಂಡೋಯ್ತಾರೆ?"

ದ್ಯಾಮಣ್ಣ ಬಗ್ಗಿ ತಿರುಪು ಸಡಿಲಿಸತೊಡಗಿದ. ಮುದುಕರು ತಡೆಯಲಿಲ್ಲ. ತಡೆಯುವ ಶಕ್ತಿಯೂ ಇರಲಿಲ್ಲ. ಲಿವರ್ ಕಳಚಿ ಬರುವಾಗ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಸದ್ದಿಲ್ಲದೆ ಅತ್ತರು. ಪಿಳ್ಳಮ್ಮ ಹೊಸಿಲವರೆಗೆ ಬಂದರು. ಗಂಡನ ಹತ್ತಿರ ಹೋಗಲು ಅವರಿಗೂ ಧೈರ್ಯವಾಗದೆ ಅಲ್ಲೇ ನಿಂತರು. ವಾಪಸ್ ಕೊಡಲು ತಂದಿದ್ದ ಹಳೆಯ ಲಿವರನ್ನೂ ಚೀಲಕ್ಕೆ ಹಾಕಿಕೊಂಡು ದ್ಯಾಮಣ್ಣ ಮೆಟ್ಟಿಲಿಳಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಬಂದು ಎರಡು ಸಲ ಕೇಳಿದ ಮೇಲೆ, "ಮೆಜೆಸ್ಟಿಕ್," ಎಂದ. ಚಿಲ್ಲರೆಗೆಂದು ಕೈ ಎತ್ತಲು ಹೋದಾಗಲೇ ಗೊತ್ತಾಗಿದ್ದು: ಅವನ ಬೆರಳುಗಳು ಚೀಲದೊಳಗೆ ಹೊಸ ಲಿವರ್‌ನ ಬಳೆಯಲ್ಲಿದ್ದವು. ಅವನ ಕೈಗೆ ಅದು ತೀರಾ ದೊಡ್ಡದು. ಬೆರಳುಗಳ ಸುತ್ತ ಬೇಕಾದಷ್ಟು ಜಾಗ ಖಾಲಿಯಿತ್ತು.