ಹನಿಯಕ್ಕನ ಹೊಸ ಹುಳ

ನನ್ನ ಓರಗಿತ್ತಿಯನ್ನು ವಿಜ್ಞಾನ ಕೇಂದ್ರಕ್ಕೆ ಕರ್ಕೊಂಡು ಬಂದವಳು ನಾನೇ. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಯಾರಾದ್ರೂ "ನೀನೇ ತಾನೇ ಕರೆದದ್ದು?" ಅಂತ ನನಗೆ ತಿವಿಯೋದು ಬೇಡ. ಆ ಕೆಲಸ ಮನೇಲಿ ನನ್ನ ಗಂಡ ಬೇಕಾದಷ್ಟು ಮಾಡಿ ಆಗಿದೆ.

ಮೈದುನನ ಹೆಂಡತಿ. ಓದಿಕೊಂಡವಳು. ಮದುವೆಯಾಗಿ ಬಂದು ತಮ್ಮ ಮನೇಲಿ ಸುಮ್ಮನೆ ಕೂತಿದ್ದಳು, ಪಾಪ ಅನ್ನಿಸ್ತು. "ನಮ್ಮಲ್ಲಿ ಮಕ್ಕಳ ಗಲಾಟೆ ಇರುತ್ತೆ, ಹೊತ್ತು ಹೋಗುತ್ತೆ, ಬಾ" ಅಂದೆ. ಬಂದಳು. ಅಲ್ಲಿಂದ ಶುರುವಾಯ್ತು ನನ್ನ ಹೊಟ್ಟೆಯುರಿ.

ನಮ್ಮ ಕೇಂದ್ರ ಮೊದಲು ಐಸ್ ಫ್ಯಾಕ್ಟರಿ ಆಗಿತ್ತು. ಗೋಡೆಗಳು ಮೊಳದಷ್ಟು ದಪ್ಪ. ನೆಲದ ನಡುವೆ ನೀರು ಹರಿಯೋ ಕಾಲುವೆ ಈಗಲೂ ಇದೆ, ಆಗಾಗ ಯಾವುದಾದ್ರೂ ಮಗು ಅದರೊಳಗೆ ಚಪ್ಪಲಿ ಬೀಳಿಸ್ಕೊಂಡು ಅಳುತ್ತೆ. ಶಾಲೆ ಬಿಟ್ಟ ಮೇಲೆ ಸುತ್ತಲಿನ ಬೀದಿಗಳ ಮಕ್ಕಳೆಲ್ಲ ಇಲ್ಲಿಗೆ ಬರ್ತಾರೆ. ಯಾವುದನ್ನೂ ಮುಟ್ಟಬೇಡ ಅನ್ನೋ ಹಾಗಿಲ್ಲ, ಅದು ನಮ್ಮ ಪದ್ಧತಿ. ಮೂಲೆಯ ಕೋಣೆ ನನ್ನದು. ಅಲ್ಲಿರೋ ಸೂಕ್ಷ್ಮದರ್ಶಕಗಳೂ ನನ್ನವು ಅಂತಲೇ ಇಟ್ಕೊಳ್ಳಿ. ಹಿತ್ತಲ ಕೊಳದಿಂದ ಒಂದು ಹನಿ ನೀರು ತಂದು, ಗಾಜಿನ ಪಟ್ಟಿ ಮೇಲಿಟ್ಟು, ಅದರೊಳಗಿನ ಸಂತೆಯನ್ನ ಮಕ್ಕಳಿಗೆ ತೋರಿಸ್ತೀನಿ. ಅದಕ್ಕೇ ನನ್ನ ಹನಿಯಕ್ಕ ಅಂತಾರೆ. ಬಿಳಿ ಗೋಡೆ ಮೇಲೆ ನನ್ನ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ: ಕಂಡದ್ದನ್ನು ಮಾತ್ರ ಬಿಡಿಸಿ.

ಹೊಸದಾಗಿ ಬಂದ ಮಗು ಕಣ್ಣಿಟ್ಟ ಕೂಡಲೇ ಕಿರುಚುತ್ತೆ, "ಅಕ್ಕಾ, ಕಪ್ಪು ಕಾಲಿನ ಹುಳ! ದೊಡ್ಡದು!" ಅದು ಹುಳ ಅಲ್ಲ, ಆ ಮಗುವಿನದೇ ಕಣ್ಣಿನ ರೆಪ್ಪೆಗೂದಲು. ಆಗ ನಾನು ಹೇಳೋದು ಒಂದೇ ಮಾತು: "ಗಾಜು ತೆಗೆದು ನೋಡು. ಗಾಜಿನ ಜೊತೆ ಹೋದ್ರೆ ಕೊಳದ್ದು. ಹೋಗದೆ ಉಳಿದ್ರೆ ನಿನ್ನದು." ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಈ ಮಾತು ನನ್ನ ಬಾಯಲ್ಲಿ ಬರುತ್ತೆ.

ಓರಗಿತ್ತಿ ಬಂದು ಸ್ವಲ್ಪ ದಿನ ಹಲ್ಲಿ ಹಾಗೆ ಗೋಡೆಗಂಟಿಕೊಂಡು ನಿಂತಿದ್ದಳು. ಆಮೇಲೆ ಒಂದಿನ ಪ್ಯಾಂಟು ಮಡಚಿಕೊಂಡು ಸೀದಾ ಕೊಳಕ್ಕೇ ಇಳಿದಳು. ಹಿಂದೆಯೇ ಮಕ್ಕಳು. ಒಬ್ಬೊಬ್ಬರ ಕೈಗೂ ಒಂದೊಂದು ಜರಡಿ. ಮುಳುಗಿಸು, ಎತ್ತು, ಏನು ಸಿಕ್ತು ನೋಡು, ವಾಪಸ್ ಬಿಡು. ಅಷ್ಟೇ ಅವಳ ಪಾಠ! ಇದಕ್ಕೆ ಓದು ಬೇರೆ ಬೇಕಿತ್ತಾ? ಆದರೆ ಮಕ್ಕಳಿಗೆ ಕೆಸರು ಸಿಕ್ಕಿದ್ರೆ ಕೇಳಬೇಕೇ. ಅವಳು ಕೆಸರಕ್ಕ ಆದಳು. ನನ್ನ ಕೋಣೆ ಭಣಗುಟ್ಟತೊಡಗಿತು. ನಾನು ಹನಿ ಹಾಕ್ಕೊಂಡು ಕೂತಿರ್ತಿದ್ದೆ, ಕಿಟಕಿಯಿಂದ ಅವರ ನಗು ಒಳಗೆ ಬರ್ತಿತ್ತು. ಕಿಟಕಿ ಮುಚ್ಚಿದೆ. ಸೆಕೆ ಆಯ್ತು. ಮತ್ತೆ ತೆಗೆದೆ.

ಕಂಡೋರ ಮಕ್ಕಳು ಹೋದ್ರೆ ಹೋಗಲಿ, ನಾನು ತಡ್ಕೊಂಡಿದ್ದೆ. ಗುಬ್ಬಿ ಹೋದಳಲ್ಲ, ಅದನ್ನ ಹೇಗೆ ತಡ್ಕೊಳ್ಳಲಿ?

ಗುಬ್ಬಿ ನನ್ನ ಮಗಳು. ಒಬ್ಬಳೇ. ಹನ್ನೊಂದು ವರ್ಷ. ಮನೇಲಿ ಜಿರಲೆ ಕಂಡ್ರೆ ಕುರ್ಚಿ ಹತ್ತೋಳು. ನಡೆಯೋಕೆ ಕಲಿತಾಗಿಂದ ನನ್ನ ಮೇಜಿನ ಪಕ್ಕದ ಸ್ಟೂಲು ಅವಳದೇ. ಅಂಥವಳು ಒಂದು ಸಂಜೆ ಮೊಣಕಾಲವರೆಗೂ ಕೆಸರು ಮೆತ್ಕೊಂಡು ಬಂದು, "ಅಮ್ಮಾ, ಕಪ್ಪೆ ಹಿಡಿದಿದ್ದೆ! ಬರೀ ಕೈಯಲ್ಲಿ! ಕೈ ಒದ್ದೆ ಮಾಡ್ಕೊಂಡು ಹಿಡೀಬೇಕು, ಇಲ್ಲಾಂದ್ರೆ ಅದರ ಚರ್ಮಕ್ಕೆ ನೋವಾಗುತ್ತೆ, ಚಿಕ್ಕಮ್ಮ ಹೇಳಿದ್ರು" ಅಂದಳು. ಅವತ್ತಿಂದ ಊಟಕ್ಕೆ ಕೂತ್ರೆ ಚಿಕ್ಕಮ್ಮ ಹೇಳಿದ್ರು, ತಲೆ ಬಾಚಿದ್ರೆ ಚಿಕ್ಕಮ್ಮ ಹೇಳಿದ್ರು. ನಾನು ಹನ್ನೊಂದು ವರ್ಷ ಹೇಳಿದ್ದು ಯಾವ ನೀರಲ್ಲಿ ಹೋಯ್ತೋ!

"ಚಿಕ್ಕಮ್ಮನ ಮನೇಲೇ ಇರು ಹೋಗು," ಅಂದೆ ಒಂದಿನ ತಟ್ಟೆ ಕುಕ್ಕಿ.

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ," ಅಂದ್ರು.

"ನನ್ನ ಕಣ್ಣಿಗೇನೂ ಆಗಿಲ್ಲ. ಹುಳದ ರೋಮ ಎಣಿಸೋ ಕಣ್ಣು ಇದು," ಅಂದೆ. ಅವರು ಪುಟ ತಿರುಗಿಸಿದ್ರು.

ವರ್ಷಕ್ಕೊಂದು ಭಾನುವಾರ ನಮ್ಮ ಕೇಂದ್ರದ ಬಾಗಿಲು ಎಲ್ಲರಿಗೂ ತೆರೆದಿರುತ್ತೆ. ಅಪ್ಪ ಅಮ್ಮ ಅಜ್ಜಿ ತಾತ ಎಲ್ಲ ಬರ್ತಾರೆ. ಅವತ್ತು ಮಕ್ಕಳದೇ ದರ್ಬಾರು. ಪ್ರತಿ ಮಗುವೂ ತನಗೆ ಇಷ್ಟವಾದ ಒಂದು ಮೇಜು ಆರಿಸ್ಕೊಂಡು, ಬಂದವರಿಗೆ ತಾನೇ ತೋರಿಸಿ ವಿವರಿಸಬೇಕು. ಗುಬ್ಬಿ ಪ್ರತಿ ವರ್ಷ ನನ್ನ ಮೇಜು. ಅದನ್ನ ಕೇಳೋದೇನು ಬಂತು? ಆದರೂ ಈ ಸಲ ಕೇಳಿದೆ.

"ಯೋಚನೆ ಮಾಡಿ ಹೇಳ್ತೀನಿ ಅಮ್ಮ," ಅಂದಳು.

ಯೋಚನೆ ಮಾಡಿ! ಹೆತ್ತ ತಾಯಿಗೆ! ಮೈಯೆಲ್ಲ ಉರಿದು ಹೋಯ್ತು. ಇವಳನ್ನ ನನ್ನ ಮೇಜಿಗೆ ತರದೆ ಬಿಡಲ್ಲ ಅಂತ ಹಟ ಹಿಡಿದೆ. ಕೊಳದ ಜರಡಿಗೆ ಯಾವ ಜನ್ಮಕ್ಕೂ ಸಿಗದಂಥದ್ದೊಂದು ನನ್ನ ಹನಿಯಲ್ಲಿ ಸಿಗಬೇಕು. ಅಷ್ಟೇ ಬೇಕಾಗಿದ್ದದ್ದು. ದಿನಾ ಸಂಜೆ ಒಬ್ಬಳೇ ಕೂತು ಹನಿ ಮೇಲೆ ಹನಿ ಹಾಕಿ ನೋಡಿದೆ, ಕಣ್ಣು ಉರಿಯೋವರೆಗೂ ನೋಡಿದೆ.

ಸಿಕ್ತು.

ಕೂದಲಿಗಿಂತ ತೆಳು. ಗಾಜಿನಂಥ ಮೈ, ಮಧ್ಯದಲ್ಲಿ ಎರಡು ಗಂಟು, ಬಾಲದ ತುದಿ ಸ್ವಲ್ಪ ಸುರುಳಿ. ನೆಟ್ಟಗೆ ನೋಡೋಕೆ ಹೋದ್ರೆ ಸರ್ರನೆ ಅಂಚಿಗೆ ಜಾರಿಬಿಡೋದು. ಸುಮ್ಮನೆ ಬಿಟ್ರೆ ಮೆಲ್ಲಗೆ ತೇಲಿ ಬರೋದು. ಎಷ್ಟು ಜಾಣ ಹುಳ! ಇಷ್ಟು ವರ್ಷದಲ್ಲಿ ಇಂಥದ್ದನ್ನ ನಾನು ಕಂಡಿರಲಿಲ್ಲ, ನಮ್ಮಲ್ಲಿರೋ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂಗಾಯ್ತು.

ಮೊದಲು ಕರೆದದ್ದು ಯಾರನ್ನ ಅಂತೀರಿ? ಅವಳನ್ನೇ. ನೋಡಿ ಅವಳ ಹೊಟ್ಟೆ ಸ್ವಲ್ಪ ಉರಿಯಲಿ, ನನ್ನದು ಉರಿದಿದ್ದು ಸಾಲದೇ. ಕೈ ತೊಳ್ಕೊಂಡು ಬಂದಳು. ಬಗ್ಗಿದಳು. ತುಂಬಾ ಹೊತ್ತು ನೋಡಿದಳು. ತಿರುಪು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು.

"ನನಗೆ ಕಾಣಿಸ್ತಿಲ್ಲ ಅಕ್ಕ."

"ಸರಿಯಾಗಿ ನೋಡು."

"ನೋಡ್ದೆ ಅಕ್ಕ. ಪಾಚಿ ಇದೆ, ಚಪ್ಪಲಿ ಆಕಾರದ್ದೆರಡು ಓಡಾಡ್ತಿವೆ. ನೀವು ಹೇಳಿದ್ದು ಕಾಣಲ್ಲ."

ಸುತ್ತ ಐದಾರು ಮಕ್ಕಳು ನಿಂತಿದ್ರು. ಗುಬ್ಬಿನೂ ಇದ್ದಳು. "ಕೆಸರಲ್ಲಿ ಆಡೋರಿಗೆ ಸೂಕ್ಷ್ಮ ಎಲ್ಲಿ ಕಾಣುತ್ತೆ ಬಿಡು," ಅಂದೆ. ಎಲ್ಲರಿಗೂ ಕೇಳೋ ಹಾಗೇ ಅಂದೆ. ಅವಳ ಮುಖ ಸಣ್ಣದಾಯ್ತು. ಜರಡಿ ತಗೊಂಡು ಹೊರಗೆ ಹೋದಳು. ಅವತ್ತಿಂದ ನಾನು ಅವಳ ಹತ್ರ ಮಾತು ಬಿಟ್ಟೆ. ಬಾಗಿಲಲ್ಲಿ ಎದುರಾದ್ರೆ ಗೋಡೆ ನೋಡ್ತಿದ್ದೆ.

ಆಮೇಲೆ ಕಾವಲಿನ ತಾತನನ್ನ ಕರೆದೆ. ಬಗ್ಗಿ ಕಣ್ಣಿಟ್ಟವನೇ, "ಓಹೋ, ಕಾಣ್ತಮ್ಮ! ಬಾಲ ಅಲ್ಲಾಡಿಸ್ತು!" ಅಂದ. ಅವನು ಕನ್ನಡಕ ತೆಗೆದಿರಲಿಲ್ಲ, ದೀಪ ಹಾಕೋದನ್ನ ನಾನೂ ಮರೆತಿದ್ದೆ. ಅದನ್ನೆಲ್ಲ ಯಾರು ನೋಡ್ತಾರೆ, ಸಾಕ್ಷಿ ಸಿಕ್ತಲ್ಲ.

ಕೊನೆಗೆ ಗುಬ್ಬಿ ತಾನಾಗೇ ಬಂದು ಸ್ಟೂಲು ಹತ್ತಿದಳು. ಅವಳು ನೋಡ್ತಿರೋವಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ತಲೆ ಎತ್ತಿ ನನ್ನ ಮುಖ ನೋಡಿದಳು. ಮತ್ತೆ ಬಗ್ಗಿದಳು.

"ಹೂಂ ಅಮ್ಮ. ಕಾಣ್ತಿದೆ."

"ಎರಡು ಗಂಟು?"

"ಹೂಂ, ಎರಡು."

ಅವಳನ್ನ ಎತ್ಕೊಂಡು ಕುಣಿಯೋದೊಂದು ಬಾಕಿ. ಅವಳೇ ಅದರ ಚಿತ್ರ ಬಿಡಿಸಿದಳು, ದೊಡ್ಡ ಹಾಳೆ ಮೇಲೆ. ಗಂಟು ಎಷ್ಟು ದಪ್ಪ, ಬಾಲ ಎಷ್ಟು ಸುರುಳಿ ಅಂತ ನಡುನಡುವೆ ನನ್ನನ್ನ ಕೇಳ್ತಿದ್ದಳು, ನಾನು ಹೇಳ್ತಿದ್ದೆ. ಮೇಲೆ ನಾನು ಬರೆದೆ: ಹನಿಯಕ್ಕನ ಹೊಸ ಹುಳ. ಕೆಳಗೆ: ನೋಡಿ ಬಿಡಿಸಿದವಳು ಗುಬ್ಬಿ. "ಭಾನುವಾರ ನಿನ್ನ ಮೇಜಿಗೇ ಬರ್ತೀನಿ ಅಮ್ಮ," ಅಂದಳು. ನಾನು ಗೆದ್ದೆ. ಅವತ್ತು ಕಿಟಕಿಯಿಂದ ನಗು ಬಂದ್ರೂ ನಾನು ಕಿಟಕಿ ಮುಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ಬೇಗ ಹೋದೆ. ಗುಬ್ಬಿ ಹೊರಗೆ ಕುರ್ಚಿ ಜೋಡಿಸೋಕೆ ನಿಂತಳು. ನಾನು ಗಾಜಿನ ಪಟ್ಟಿಗಳನ್ನೆಲ್ಲ ತೊಳೆದು ಬಟ್ಟೆ ಮೇಲೆ ಕವುಚಿಟ್ಟೆ, ಮಸೂರ ಒರೆಸಿದೆ, ದೀಪ ಹಾಕಿದೆ. ಚೊಕ್ಕಟ ಆಗಿದೆಯಾ ಅಂತ ಸುಮ್ಮನೆ ಕಣ್ಣಿಟ್ಟು ನೋಡಿದೆ.

ಹುಳ ತೇಲಿಕೊಂಡು ಬಂತು.

ಹನಿ ಇಲ್ಲ. ಗಾಜೇ ಇಲ್ಲ. ಎರಡು ಗಂಟು, ಬಾಲದ ಸುರುಳಿ, ಎಲ್ಲ ಇದೆ. ಇನ್ನೊಂದು ಕಣ್ಣಿಟ್ಟೆ. ಬರೀ ಬೆಳಕು. ಮತ್ತೆ ಮೊದಲಿನ ಕಣ್ಣು. ಬಂತು! ತಲೆ ಎತ್ತಿ ಬಿಳಿ ಗೋಡೆ ನೋಡಿದೆ. 'ಕಂಡದ್ದನ್ನು ಮಾತ್ರ ಬಿಡಿಸಿ' ಅನ್ನೋ ನನ್ನದೇ ಅಕ್ಷರಗಳ ಮೇಲೆ ಆ ದರಿದ್ರ ಹುಳ ಮೆಲ್ಲಗೆ ಈಜ್ತಿತ್ತು. ನನ್ನ ಕಣ್ಣೊಳಗಿನ ಎಳೆ ಅದು. ವಯಸ್ಸಾಗ್ತಾ ಕೆಲವರ ಕಣ್ಣಲ್ಲಿ ಹೀಗೆ ಎಳೆ ತೇಲುತ್ತೆ ಅಂತ ನನಗೆ ಗೊತ್ತಿಲ್ಲದ್ದಲ್ಲ. ಊರಿನ ಮಕ್ಕಳಿಗೆಲ್ಲ ಗಾಜು ತೆಗೆದು ನೋಡು ಅಂದವಳು, ನಾನೊಂದು ಸಲ ತೆಗೆದು ನೋಡಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ!

ನಾಚಿಕೆ ಆಯ್ತು, ನಿಜ. ಆದರೆ ಅದರ ಹಿಂದೆಯೇ ಬಂದ ಯೋಚನೆಗೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹುಳ ನನ್ನ ಕಣ್ಣಲ್ಲಿದ್ರೆ, ಗುಬ್ಬಿಗೆ ಕಂಡದ್ದೇನು?

ಕೂಗಿದೆ. ಬಂದಳು.

"ಅವತ್ತು ಆ ಹುಳ ಯಾವ ಕಡೆ ಓಡ್ತಿತ್ತು?"

ನನ್ನ ಮುಖ ನೋಡಿದಳು. "ಬಲಗಡೆ," ಅಂದಳು. ಇನ್ನಷ್ಟು ನೋಡಿ, "ಅಲ್ಲ, ಎಡಗಡೆ... ಅಲ್ವಾ ಅಮ್ಮ?"

ಹನಿಯಲ್ಲಿ ಹುಡುಕಬೇಕಾದ್ದನ್ನ ನನ್ನ ಮಗಳು ನನ್ನ ಮುಖದಲ್ಲಿ ಹುಡುಕ್ತಿದ್ದಳು.

"ನಿಜ ಹೇಳು ಗುಬ್ಬಿ. ಬೈಯಲ್ಲ."

"ಬೈತೀಯ."

"ಇಲ್ಲ ಕಣೇ."

ಬೆರಳಿಗೆ ಅಂಗಿ ಸುತ್ತಿಕೊಂಡಳು. "ಕಾಣಲಿಲ್ಲ. ಕಾಣಲ್ಲ ಅಂದಿದ್ದಕ್ಕೆ ನೀನು ಚಿಕ್ಕಮ್ಮನ ಹತ್ರ ಮಾತು ಬಿಟ್ಟೆ. ನಾನೂ ಹಂಗಂದ್ರೆ ನನ್ನ ಹತ್ರನೂ ಬಿಡ್ತೀಯ ಅಂತ."

ಸುಮ್ಮನಿರಬೇಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರೋ ಜಾತಿಯದ್ದಲ್ಲ. "ಕೊಳದಲ್ಲೂ ಹೀಗೇನಾ? ಸಿಗದಿದ್ರೂ ಸಿಕ್ತು ಅಂತೀಯಾ?"

"ಅಲ್ಲಿ ಯಾಕೆ ಅನ್ನಲಿ?" ಅಂದಳು ಆಶ್ಚರ್ಯದಿಂದ. "ಏನೂ ಸಿಗಲಿಲ್ಲ ಅಂದ್ರೆ ಚಿಕ್ಕಮ್ಮ, ಸರಿ, ಇನ್ನೊಂದ್ಸಲ ನೋಡು ಅಂತಾರೆ. ಅಷ್ಟೇ."

ಅಷ್ಟೇ. ಓರಗಿತ್ತಿ ನನ್ನ ಮಗಳನ್ನ ನನ್ನಿಂದ ಕಿತ್ತುಕೊಂಡದ್ದು ಅಷ್ಟರಿಂದಲೇ. ಕೆಸರಿಗಲ್ಲ, ಕಪ್ಪೆಗಲ್ಲ, ಆ ಒಂದು 'ಸರಿ'ಗೆ ನನಗೆ ಹೊಟ್ಟೆ ಎಷ್ಟು ಉರೀತು ಅಂದ್ರೆ, ಅಷ್ಟು ಹಿಂದೆ ಯಾವತ್ತೂ ಉರಿದಿರಲಿಲ್ಲ.

ಗುಬ್ಬಿಯ ಕೈ ಹಿಡ್ಕೊಂಡು ಸೀದಾ ಹಿತ್ತಲಿಗೆ ಹೋದೆ. ಓರಗಿತ್ತಿ ಕೊಳದ ದಂಡೆಯಲ್ಲಿ ಬಿಳಿ ತಟ್ಟೆಗಳಿಗೆ ನೀರು ತುಂಬ್ತಿದ್ದಳು. ನನ್ನ ಕಂಡು ಎದ್ದು ನಿಂತಳು.

"ಇವಳು ಇವತ್ತು ನಿನ್ನ ಕಡೆ," ಅಂದೆ.

"ಯಾಕಕ್ಕ? ಮತ್ತೆ ಆ ಹೊಸ ಹುಳದ ಕಥೆ?"

"ಅದು ನನ್ನ ಕಣ್ಣಲ್ಲಿದೆ. ಕೊಳದಲ್ಲಿಲ್ಲ. ನಿನಗೆ ಕಾಣದಿದ್ದದ್ದೇ ಸರಿ. ಅವತ್ತು ಎಲ್ಲರ ಮುಂದೆ ಹಾಗೆ ಅಂದದ್ದು ನನ್ನ ತಪ್ಪು."

ನಗ್ತಾಳೆ ಅಂದ್ಕೊಂಡೆ. ನಕ್ಕಿದ್ರೆ ನನಗೂ ಹಗುರಾಗ್ತಿತ್ತು, ನಾಲ್ಕು ಮಾತು ಆಡ್ತಿದ್ದೆ. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಮಿಂಚು ಮಿಂಚು ಏನಾದ್ರೂ ಕಾಣುತ್ತಾ ಅಕ್ಕ? ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ," ಅಂದಳು. ಒಳ್ಳೇತನ ಬೇರೆ! ಇಂಥವರನ್ನ ಇಟ್ಕೊಂಡು ಏನು ಮಾಡೋದು ಹೇಳಿ. "ಹೂಂ, ಬಾ" ಅಂದು ಒಳಗೆ ಬಂದೆ.

ಗುಬ್ಬಿಯ ಚಿತ್ರ ಕಿತ್ತು ಹಾಕೋಣ ಅನ್ನಿಸ್ತು. ಕೀಳಲಿಲ್ಲ. 'ನೋಡಿ ಬಿಡಿಸಿದವಳು' ಅನ್ನೋ ಸಾಲಿನ ಮೇಲೆ ಮಾತ್ರ ಕಾಗದ ಅಂಟಿಸಿ, 'ಈ ಹುಳ ಹನಿಯಕ್ಕನ ಕಣ್ಣಿನದು. ನಿಮಗೆ ಕಂಡದ್ದು ಯಾರದ್ದು?' ಅಂತ ಬರೆದೆ. ಚಿತ್ರದ ಕೆಳಗೆ ಸೂಕ್ಷ್ಮದರ್ಶಕ ಇಟ್ಟೆ, ಗಾಜು ಇಡದೆ. ಜನ ಬಂದ್ರು. ಒಬ್ಬರಿಗೆ ರೆಪ್ಪೆಗೂದಲು, ಒಬ್ಬರಿಗೆ ಕನ್ನಡಕದ ಧೂಳು, ಒಬ್ಬ ಅಜ್ಜನಿಗೆ ನನ್ನ ಹುಳದ ಅಣ್ಣನೋ ತಮ್ಮನೋ ಒಂದು ಎಳೆ. ಒಬ್ಬೊಬ್ಬರೂ ಹುಯ್ಯೋ ಅಂತ ಕೂಗಿ, ಆಮೇಲೆ ನಗೋದು. ಕಾವಲಿನ ತಾತ ಇನ್ನೊಮ್ಮೆ ಬಂದು ನೋಡಿ, "ಇವತ್ತೂ ಅಲ್ಲಾಡಿಸ್ತಮ್ಮ," ಅಂದ. ಸಾಲು ಬಾಗಿಲು ದಾಟಿತ್ತು. ನಾನು ಮಾತ್ರ ಕಿಟಕಿ ಕಡೆ ಕಿವಿ ಇಟ್ಕೊಂಡೇ ಇದ್ದೆ. ಕೊಳದ ಹತ್ರ ಗುಬ್ಬಿಯ ದನಿ ಕೇಳ್ತಿತ್ತು, ಗಟ್ಟಿಯಾಗಿ, ಯಾರಿಗೋ ಏನೋ ವಿವರಿಸ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ಗುಬ್ಬಿ. ಮೊಣಕೈವರೆಗೂ ಒದ್ದೆ. ಎಲ್ಲರ ಹಾಗೆ ತನ್ನ ಸರದಿ ಬರೋವರೆಗೂ ನಿಂತು, ಸ್ಟೂಲು ಹತ್ತಿದಳು. ಬಗ್ಗೋ ಮೊದಲು ಅಭ್ಯಾಸಬಲದಿಂದ ನನ್ನ ಮುಖ ನೋಡೋಕೆ ತಿರುಗಿದಳು. ನಾನು ಗೋಡೆ ಕಡೆ ತಿರುಗಿ ನಿಂತೆ.

ತುಂಬಾ ಹೊತ್ತು ನೋಡಿದಳು ಅನ್ಸುತ್ತೆ.

"ಏನೂ ಇಲ್ಲ ಅಮ್ಮ," ಅಂದಳು ಕೊನೆಗೆ. "ಬರೀ ಬೆಳಕು."

ಬಾಯಿಗೆ ಬಂದದ್ದು ಓರಗಿತ್ತಿಯದೇ ಮಾತು, ಹಾಳಾದ್ದು. ನುಂಗೋಣ ಅನ್ನಿಸ್ತು, ನುಂಗಲಿಲ್ಲ.

"ಸರಿ," ಅಂದೆ. "ಇನ್ನೊಂದ್ಸಲ ನೋಡು."

ಸ್ಟೂಲು ಕಿರ್ ಅಂತು. ಗುಬ್ಬಿ ಮತ್ತೆ ಬಗ್ಗಿದಳು.